ದೇವರ ಪ್ರಶ್ನೆಗೆ ನನ್ನ ಉತ್ತರ

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ದೇವರು ಮನುಷ್ಯನನ್ನು ಕೇಳುವ ಮೊದಲ ಪ್ರಶ್ನೆ ‘ಎಲ್ಲಿದ್ದೀ?’ ಎಂಬುದು. ಆದಿಕಾಂಡ 3:9. ಆದಾಮ ಯಾವ ಮರದ ಹಿಂದೆ ಅಡಗಿದ್ದಾನೆಂದು ಕೇಳಿದವನಿಗೆ ತಿಳಿದೇ ಇತ್ತು. ಆದರೂ ಕೇಳಿದ, ಆದಾಮನೇ ಬಾಯಿಬಿಟ್ಟು ಹೇಳಲಿ ಎಂದು ಕೇಳಿದ. ಬಂದ ಉತ್ತರವನ್ನೂ ನೋಡಿ: ನಿನ್ನ ಸಪ್ಪಳ ಕೇಳಿ ಹೆದರಿದೆ, ಬೆತ್ತಲೆಯಾಗಿದ್ದೆನಲ್ಲಾ, ಅಡಗಿಕೊಂಡೆ. ತಿಂದ ಹಣ್ಣಿನ ಸುದ್ದಿ ಇನ್ನೂ ಬಂದಿಲ್ಲ. ಆದರೆ ಹೆದರಿದೆ ಎಂಬ ಮಾತು ನಿಜ. ಮುಂದಿನ ಮಾತುಕತೆ ಆ ಒಂದು ನಿಜದ ಮೇಲೆಯೇ ಸಾಗುತ್ತದೆ.

ನಾನು ದೇವರ ವಾಕ್ಯ ಓದುವ ರೀತಿ ಈಗ ಇಷ್ಟೇ: ಓದಿದ ಭಾಗದಲ್ಲಿ ದೇವರಾಗಲಿ ಯೇಸುವಾಗಲಿ ಯಾರನ್ನಾದರೂ ಏನನ್ನಾದರೂ ಕೇಳಿದ್ದರೆ ಅಲ್ಲೇ ನಿಲ್ಲುತ್ತೇನೆ. ಆ ಪ್ರಶ್ನೆ ನನ್ನನ್ನು ಕೇಳಿದ್ದೆಂದುಕೊಂಡು ಉತ್ತರ ಬರೆಯುತ್ತೇನೆ. ಆಮೇಲೆ ಪ್ರಾರ್ಥನೆ. ಹೇಳಿದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ, ಮಾಡಹೊರಟರೆ ಒಂದೊಂದು ಪ್ರಶ್ನೆಗೆ ವಾರಗಟ್ಟಲೆ ಬೇಕಾಗುತ್ತದೆ.

ಇದಕ್ಕೂ ಮೊದಲು ಬಹಳ ಕಾಲ ವಾರ್ಷಿಕ ಪಟ್ಟಿ ಹಿಡಿದು ಓದುತ್ತಿದ್ದೆ. ಸ್ಕಾಟ್ಲೆಂಡಿನ ಸಭಾಪಾಲಕ ರಾಬರ್ಟ್ ಮರ್ರಿ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಯವರಿಗಾಗಿ ಮಾಡಿಕೊಟ್ಟ ಪಟ್ಟಿ ಅದು. ದಿನಕ್ಕೆ ಸುಮಾರು 4 ಅಧ್ಯಾಯ. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಮುಗಿಯುತ್ತವೆ. ಹಾಗೆ ಓದಿದ್ದರಿಂದ ನನಗೆ ಆದ ಲಾಭ ಸಣ್ಣದಲ್ಲ. ಅರಸುಗಳ ಎರಡನೆಯ ಪುಸ್ತಕದ ಕೊನೆಯ ಅಧ್ಯಾಯಗಳೂ ಯೆರೆಮೀಯನ ಕಣ್ಣೀರೂ ಒಂದೇ ಕಾಲದ್ದು ಎಂದು ತಿಳಿದದ್ದು ಹೀಗೆ ಇಡಿಯಾಗಿ ಓದಿದ್ದರಿಂದಲೇ. ಇವತ್ತಿಗೂ ಹೊಸದಾಗಿ ನಂಬಿಕೆಗೆ ಬಂದವರಿಗೆ, ಒಮ್ಮೆಯಾದರೂ ಮೊದಲಿನಿಂದ ಕೊನೆಯವರೆಗೆ ಓದಿ ಎಂದೇ ಹೇಳುತ್ತೇನೆ.

ಅಮ್ಮ ಹಾಸಿಗೆ ಹಿಡಿದ ದಿನಗಳಲ್ಲಿ ಆ ವೇಗ ನನ್ನಿಂದ ಆಗದಾಯಿತು. ಓದುತ್ತಿದ್ದೆ, ಮನಸ್ಸಿಗೆ ಇಳಿಯುತ್ತಿರಲಿಲ್ಲ. ಒಂದು ರಾತ್ರಿ ಯೋಹಾನನ ಸುವಾರ್ತೆಯ 5ನೆಯ ಅಧ್ಯಾಯ ಬಂತು. ಕೊಳದ ದಂಡೆಯಲ್ಲಿ 38 ವರ್ಷಗಳಿಂದ ರೋಗಿಯಾಗಿ ಬಿದ್ದಿದ್ದ ಮನುಷ್ಯ. ಅವನನ್ನು ನೋಡಿ ಯೇಸು ಕೇಳುತ್ತಾನೆ, ‘ನಿನಗೆ ಸ್ವಸ್ಥವಾಗುವುದಕ್ಕೆ ಮನಸ್ಸುಂಟೋ?’ ಅವನು ಹೌದು ಎನ್ನುವುದಿಲ್ಲ. ನೀರು ಕಲಕಿದಾಗ ನನ್ನನ್ನು ಇಳಿಸುವವರು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದುಬಿಡುತ್ತಾನೆ ಎನ್ನುತ್ತಾನೆ. ಅಷ್ಟೂ ವರ್ಷದ ದಣಿವು, ಯಾರ ಮೇಲೋ ಇರುವ ಅಸಮಾಧಾನ ಎಲ್ಲವೂ ಆ ಮಾತಿನಲ್ಲಿದೆ. ಯೇಸು ಅದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ. ನಂಬಿಕೆಯ ಮಾತಾಡು ಎಂದು ತಿದ್ದುವುದಿಲ್ಲ. ಕೇಳಿಸಿಕೊಂಡು, ಎದ್ದು ನಡೆ ಎನ್ನುತ್ತಾನೆ.

ಆ ರಾತ್ರಿ ಮುಂದಿನ ಅಧ್ಯಾಯಕ್ಕೆ ಹೋಗಲಿಲ್ಲ. ಇದ್ದ ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದೇ ಪ್ರಶ್ನೆ ಬರೆದು ಕೆಳಗೆ ನನ್ನ ಉತ್ತರ ಬರೆದೆ. ಅಮ್ಮನ ಬಗ್ಗೆ ಬರೆಯುತ್ತೇನೆ ಎಂದುಕೊಂಡು ಕೂತದ್ದು. ಬರೆದದ್ದು ನನ್ನ ದಣಿವಿನ ಬಗ್ಗೆ.

ಅಲ್ಲಿಂದ ಮುಂದೆ ಇದೇ ಅಭ್ಯಾಸವಾಯಿತು. ಬೆಳಿಗ್ಗೆ ಮನೆಯವರು ಏಳುವ ಮೊದಲು, ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಕೂರುತ್ತೇನೆ. ಓದುವ ಭಾಗ ಚಿಕ್ಕದು: ಒಂದು ಘಟನೆ, ಇಲ್ಲವೇ ಒಂದು ಕೀರ್ತನೆ. ಮೊದಲ ಸಲ ಮೆಲುದನಿಯಲ್ಲಿ, ಆದರೆ ಬಾಯಿಬಿಟ್ಟೇ ಓದುತ್ತೇನೆ. ಕಣ್ಣಿಗೆ ಮಾತ್ರ ಬಿಟ್ಟರೆ ಪರಿಚಿತ ವಾಕ್ಯಗಳ ಮೇಲೆ ಅದು ಜಾರಿಕೊಂಡು ಹೋಗುತ್ತದೆ, ನಾಲಿಗೆಗೆ ಹಾಗೆ ಜಾರಲು ಬರುವುದಿಲ್ಲ. ಎರಡನೆಯ ಸಲ ಯಾರು ಯಾರಿಗೆ ಹೇಳುತ್ತಿದ್ದಾರೆ, ಸುತ್ತ ಯಾರಿದ್ದಾರೆ ಎಂದು ನೋಡುತ್ತಾ ಓದುತ್ತೇನೆ. ಆಮೇಲೆ ಪ್ರಶ್ನೆ ಬರೆದುಕೊಳ್ಳುತ್ತೇನೆ.

ಮೊದಲು ಬರುವ ಉತ್ತರ ಸಾಮಾನ್ಯವಾಗಿ ಸಭೆಯಲ್ಲಿ ಹೇಳುವಂಥದ್ದು. ಅದನ್ನು ತಡೆಯುವುದಿಲ್ಲ, ಬಂದ ಹಾಗೆ ಬರೆದುಬಿಡುತ್ತೇನೆ. ಬರೆದ ಮೇಲೆ ಒಂದು ಸಾಲು ಖಾಲಿ ಬಿಟ್ಟು ‘ಇದು ನಿಜವಾ?’ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ನನ್ನ ಓದಿನ ಜೀವಾಳ ಈ ಎರಡು ಪದಗಳಲ್ಲಿದೆ. ಅದರ ಕೆಳಗೆ ಬರೆಯುವ ಉತ್ತರವನ್ನೇ ಪ್ರಾರ್ಥನೆಗೆ ಒಯ್ಯುತ್ತೇನೆ.

ಒಂದು ಪುಟವನ್ನು ಇದ್ದ ಹಾಗೆಯೇ ಇಲ್ಲಿ ಕೊಡುತ್ತೇನೆ. ಮಾರ್ಕ 10:51. ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯನನ್ನು ಯೇಸು ಕೇಳಿದ ಪ್ರಶ್ನೆ: ‘ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ?’ ನನ್ನ ಮೊದಲ ಉತ್ತರ: ‘ಕರ್ತನೇ, ನಿನ್ನ ಸೇವೆಗೆ ನನ್ನನ್ನು ಉಪಯೋಗಿಸು.’ ಇದು ನಿಜವಾ? ‘ಅರ್ಧ ನಿಜ. ಸೇವೆ ಮಾಡುವ ಆಸೆ ಇದೆ. ಅದನ್ನು ನಾಲ್ಕು ಜನ ನೋಡಲಿ ಎಂಬ ಆಸೆಯೂ ಇದೆ. ಸಮಿತಿಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದ ದಿನ ರಾತ್ರಿಯಿಡೀ ಉರಿಯುತ್ತೇನೆ.’ ಅದರ ಕೆಳಗೆ: ‘ಹಾಗಾದರೆ ಏನು ಬೇಕು?’ ‘ಯಾರೂ ನೋಡದಿದ್ದರೂ ನೆಮ್ಮದಿಯಾಗಿ ಇರುವುದು ಬೇಕು. ಅದನ್ನು ಕೊಡು.’

ಇಷ್ಟು ಬರೆದು ಮತ್ತೆ ಅದೇ ಅಧ್ಯಾಯವನ್ನು ಮೇಲಿನಿಂದ ಓದಿದಾಗ 36ನೆಯ ವಚನ ಎದುರಿಗೆ ಬಂತು. ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರನ್ನೂ ಯೇಸು ಅದೇ ಪ್ರಶ್ನೆ ಕೇಳಿದ್ದಾನೆ. ಅವರು ಕೇಳಿದ್ದು ಆತನ ಬಲಗಡೆ ಎಡಗಡೆ ಕೂರುವ ಸ್ಥಾನ. ಹಿಂದೆಯೇ ಬಂದ ಕುರುಡ ಕೇಳಿದ್ದು ಕಣ್ಣು. ಮಾರ್ಕನು ಎರಡನ್ನೂ ಒಂದರ ಬೆನ್ನಿಗೊಂದು ಇಟ್ಟಿದ್ದಾನೆ. ಎಷ್ಟೋ ಸಲ ಓದಿದ್ದ ಅಧ್ಯಾಯವೇ. ಆದರೆ ನನ್ನ ಉತ್ತರ ಕಾಗದದ ಮೇಲೆ ಇದ್ದುದರಿಂದ, ನಾನು ಆ ಇಬ್ಬರು ಶಿಷ್ಯರ ಪಕ್ಕದಲ್ಲಿ ನಿಂತಿದ್ದೇನೆಂದು ಅವತ್ತು ಕಂಡಿತು. ಯೇಸು ಅವರನ್ನು ಬಯ್ದು ಅಟ್ಟಲಿಲ್ಲ ಎಂಬುದೂ ಕಂಡಿತು. ನೀವು ಕೇಳಿಕೊಂಡದ್ದು ಏನೆಂದು ನಿಮಗೆ ತಿಳಿಯದು ಎಂದ, ಹತ್ತಿರ ಕರೆದು ಕಲಿಸಿದ.

ಆತ್ಮಪರೀಕ್ಷೆಗೂ ವಾಕ್ಯಪಠನಕ್ಕೂ ಇರುವ ಸಂಬಂಧ ಇದೇ ಎಂದು ನನ್ನ ನಂಬಿಕೆ. ಬರೀ ನನ್ನೊಳಗನ್ನೇ ನೋಡುತ್ತಾ ಕೂತರೆ ಅಲ್ಲಿ ನಾನು ಮಾತ್ರ ಇರುತ್ತೇನೆ. ಒಳಗನ್ನು ಮುಚ್ಚಿಟ್ಟು ವಾಕ್ಯವನ್ನಷ್ಟೇ ಓದಿದರೆ ಅದು ಯಾರೋ ಯಾವಾಗಲೋ ಆಡಿದ ಮಾತಾಗಿಬಿಡುತ್ತದೆ. ಪ್ರಶ್ನೆ ಆತನದು, ಉತ್ತರ ನನ್ನದು ಎಂದಾದಾಗ ಎರಡೂ ಕಡೆ ಜೀವ ಬರುತ್ತದೆ.

ಆದರೆ ಪ್ರಶ್ನೆಯನ್ನು ಅದರ ಜಾಗದಿಂದ ಕಿತ್ತು ತರಬಾರದು. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಲೂಕ 10:26ರಲ್ಲಿ ಧರ್ಮೋಪದೇಶಕನನ್ನು ಯೇಸು ಕೇಳುವುದು ಎರಡು: ಧರ್ಮಶಾಸ್ತ್ರದಲ್ಲಿ ಏನು ಬರೆದಿದೆ? ನೀನು ಹೇಗೆ ಓದಿದ್ದೀ? ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರಿದರೆ ವಾಕ್ಯ ನಮ್ಮ ಆಸೆಯ ಪ್ರತಿಧ್ವನಿಯಾಗುತ್ತದೆ. ಯೆರೆಮೀಯ 29:11 ಗೋಡೆಗಳ ಮೇಲೆ, ಶುಭಾಶಯ ಪತ್ರಗಳ ಮೇಲೆ ಎಲ್ಲೆಲ್ಲೂ ಕಾಣುವ ವಚನ. ಕೇಡಿಗಲ್ಲ, ಹಿತಕ್ಕಾಗಿಯೇ ನಿಮ್ಮ ವಿಷಯದಲ್ಲಿ ಆಲೋಚಿಸುತ್ತೇನೆ ಎಂಬ ಮಾತು. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಒಂದು ಸಾಲು. ಅದರ ಹಿಂದಿನ ವಚನದಲ್ಲೇ 70 ವರ್ಷ ಕಳೆಯಬೇಕು ಎಂದಿದೆ. ಅದಕ್ಕೂ ಹಿಂದೆ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನಿಮ್ಮನ್ನು ಸೆರೆಹಿಡಿದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದಿದೆ. ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಬಹುಮಂದಿ ಹಿಂತಿರುಗುವ ದಿನ ನೋಡುವಂತಿರಲಿಲ್ಲ. ಇಷ್ಟೂ ತಿಳಿದ ಮೇಲೆ ಆ ವಚನ ನನಗೆ ಚಿಕ್ಕದಾಗಲಿಲ್ಲ. ಬೇಗ ಬಿಡುಗಡೆ ಸಿಗದ ಜಾಗದಲ್ಲೂ ಬೇರೂರಿ ಬದುಕು ಎಂದು ಹೇಳುವಷ್ಟು ದೊಡ್ಡದಾಯಿತು.

ಅಧ್ಯಾಯದ ಗಡಿಯನ್ನೂ ಹಾಗೇ ನಂಬಿ ನಿಲ್ಲುವುದಿಲ್ಲ. ಅಧ್ಯಾಯಗಳ ವಿಂಗಡಣೆ ಬಂದದ್ದು 13ನೆಯ ಶತಮಾನದಲ್ಲಿ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆ ಹಾಕಿದ್ದು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲ, ಅಷ್ಟೇ. ಯೆಶಾಯನ 53ನೆಯ ಅಧ್ಯಾಯದ ಸೇವಕನ ಹಾಡು ನಿಜಕ್ಕೂ ಶುರುವಾಗುವುದು 52:13ರಲ್ಲಿ. ಅಲ್ಲಿಂದ ಓದಿದರೆ, ತಿರಸ್ಕೃತನಾಗುವ ಆ ಸೇವಕ ಉನ್ನತನಾಗುವನೆಂಬ ಮಾತು ಮೊದಲೇ ಸಿಗುತ್ತದೆ.

ಇನ್ನು ನನ್ನನ್ನು ಅತಿ ಹೆಚ್ಚು ಕಾಲ ಹಿಡಿದು ನಿಲ್ಲಿಸಿದ ಪ್ರಶ್ನೆಗೆ ಬರುತ್ತೇನೆ. ತಮ್ಮನನ್ನು ಕೊಂದ ಕಾಯಿನನ ಕಥೆಯಲ್ಲಿ ನಮಗೆಲ್ಲ ನೆನಪಿರುವುದು ‘ನಿನ್ನ ತಮ್ಮನಾದ ಹೇಬೆಲನು ಎಲ್ಲಿ?’ ಎಂಬುದು. ಅದು ಕೊಲೆಯಾದ ಮೇಲಿನ ಪ್ರಶ್ನೆ. ಕೊಲೆಗೆ ಮೊದಲೇ, ಆದಿಕಾಂಡ 4:6ರಲ್ಲಿ, ದೇವರು ಇನ್ನೊಂದು ಕೇಳಿದ್ದಾನೆ: ‘ಯಾಕೆ ಕೋಪಗೊಂಡಿದ್ದೀ? ಯಾಕೆ ನಿನ್ನ ಮುಖ ಬಾಡಿತು?’ ಪಾಪ ಬಾಗಿಲಲ್ಲಿ ಹೊಂಚುಹಾಕಿದೆ, ನೀನು ಅದನ್ನು ಆಳಬೇಕು ಎಂಬ ಎಚ್ಚರಿಕೆಯೂ ಅದರ ಜೊತೆಗಿದೆ. ಕಾಯಿನ ಆ ಪ್ರಶ್ನೆಗೆ ಉತ್ತರಿಸಿದ್ದಾಗಿ ಎಲ್ಲೂ ಇಲ್ಲ. ಮುಂದಿನ ವಚನದಲ್ಲಿ ತಮ್ಮನೊಂದಿಗೆ ಹೊಲದಲ್ಲಿದ್ದಾನೆ.

ಆ ಹೊತ್ತಿಗೆ ನನಗೂ ನನ್ನ ತಮ್ಮನಿಗೂ ಮಾತು ನಿಂತಿತ್ತು. ಅಮ್ಮನ ಆರೈಕೆಯ ಹೊಣೆ ಹಂಚಿಕೊಳ್ಳುವ ವಿಷಯದಲ್ಲಿ ಶುರುವಾದದ್ದು ಹಳೆಯದನ್ನೆಲ್ಲ ಕೆದಕಿ ಬೆಳೆದಿತ್ತು. ‘ಯಾಕೆ ಕೋಪಗೊಂಡಿದ್ದೀ?’ ಎಂದು ಬರೆದು ಕೆಳಗೆ ಕಾರಣ ಬರೆಯಲು ಶುರು ಮಾಡಿದೆ. ಪುಟ ತುಂಬಿತು. ಮರುದಿನ ಇನ್ನೊಂದು ಪುಟ. ಒಂದೊಂದರ ಕೆಳಗೂ ‘ಇದು ನಿಜವಾ?’ ಎಂದು ಕೇಳಿಕೊಂಡರೆ ಪ್ರತಿಯೊಂದಕ್ಕೂ ಹೌದು ಎಂಬ ಉತ್ತರವೇ ಬಂತು. ಅವೆಲ್ಲವೂ ನಡೆದದ್ದೇ. ನನ್ನ ಕೋಪಕ್ಕೆ ಕಾರಣವಿತ್ತು.

ಅಲ್ಲಿ ನನಗೆ ನೆರವಾದದ್ದು ಪ್ರವಾದಿ ಯೋನ. ನಿನೆವೆ ಪಟ್ಟಣವನ್ನು ದೇವರು ನಾಶಮಾಡದೆ ಬಿಟ್ಟನಲ್ಲಾ ಎಂದು ಅವನಿಗೆ ಸಿಟ್ಟು. ಅವನ ಪುಸ್ತಕದ 4ನೆಯ ಅಧ್ಯಾಯದಲ್ಲಿ ದೇವರು ಕೇಳುತ್ತಾನೆ, ‘ನೀನು ಸಿಟ್ಟುಗೊಳ್ಳುವುದು ಸರಿಯೋ?’ ಯೋನ ಉತ್ತರ ಕೊಡದೆ ಊರ ಹೊರಗೆ ಹೋಗಿ ಕೂರುತ್ತಾನೆ. ನೆರಳು ಕೊಟ್ಟ ಬಳ್ಳಿ ಒಣಗಿದ ಮೇಲೆ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಈ ಸಲ ಯೋನ, ‘ಹೌದು, ಸಾಯುವಷ್ಟು ಸಿಟ್ಟುಗೊಂಡಿರುವುದು ಸರಿಯೇ’ ಎನ್ನುತ್ತಾನೆ. ದೇವರ ಮುಖಕ್ಕೇ ಹೇಳಿದ ಮಾತು. ಆಕಾಶದಿಂದ ಬೆಂಕಿ ಬೀಳಲಿಲ್ಲ. ನೀನು ಬೆಳೆಸದ ಗಿಡಕ್ಕಾಗಿ ಮರುಗುತ್ತೀ, ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ನಿನೆವೆಗಾಗಿ ನಾನು ಮರುಗಬಾರದೇ ಎಂದು ದೇವರು ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಯೋನ ಏನೆಂದನೋ ಬರೆದಿಲ್ಲ. ಅವನ ಸಿಟ್ಟಿಗೆ ಕಾರಣವಿತ್ತೋ ಇಲ್ಲವೋ ಎಂಬ ವಾದವನ್ನು ದೇವರು ಮುಂದುವರಿಸುವುದೇ ಇಲ್ಲ. ಆ ಊರಿನ ಜನರ ಕಡೆಗೆ ಅವನ ಮುಖ ತಿರುಗಿಸುತ್ತಾನೆ.

ನಾನೂ ನನ್ನ ಕಾರಣಗಳ ಪಟ್ಟಿಯನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ತಮ್ಮನ ಹೆಸರು ಬರೆದೆ. ಅವನಿಗೆ ಆ ದಿನಗಳು ಹೇಗಿದ್ದಿರಬಹುದು ಎಂದು ನನಗೆ ಗೊತ್ತಿದ್ದಷ್ಟನ್ನು ಬರೆದೆ. ಅವನು ಆಸ್ಪತ್ರೆಯ ಒಳಗೆ ಬರಲಾಗದೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಒಂದು ಸಂಜೆ ನೆನಪಾಯಿತು. ಅದನ್ನೂ ಬರೆದೆ. ನನ್ನ ಪಟ್ಟಿಯಲ್ಲಿ ಅದೇ ಸಂಜೆ ಬೇರೆ ರೂಪದಲ್ಲಿ ಇತ್ತು: ‘ಒಳಗೆ ಬಂದು ಅಮ್ಮನ ಮುಖ ಕೂಡ ನೋಡಲಿಲ್ಲ’ ಎಂದು. ಒಂದೇ ಸಂಜೆಗೆ ಎರಡು ಸಾಲು, ಎರಡೂ ನಿಜ. ಅವೆರಡನ್ನೂ ಎದುರಿಗಿಟ್ಟುಕೊಂಡು ಪ್ರಾರ್ಥಿಸಿದ ದಿನವೇ ಮೊದಲ ಬಾರಿಗೆ ಅವನಿಗಾಗಿ ಪ್ರಾರ್ಥಿಸಲು ಬಾಯಿ ಬಂದದ್ದು.

ಅವನಿಗೊಂದು ಪತ್ರ ಬರೆದೆ. ಚಿಕ್ಕ ಉತ್ತರ ಬಂತು. ಈಗ ಫೋನು ಮಾಡಿ ಕ್ಷೇಮ ಕೇಳುವಷ್ಟು ಮಾತಿದೆ, ಹಳೆಯ ಸಲಿಗೆ ಇನ್ನೂ ಬಂದಿಲ್ಲ. ಬರುತ್ತದೆ ಎಂದು ಪ್ರಾರ್ಥಿಸುತ್ತೇನೆ.

ಪ್ರಶ್ನೆ ಬರೀ ದೇವರ ಕಡೆಯಿಂದಲೇ ಬರುತ್ತದೆ ಎಂದು ತಿಳಿಯಬೇಡಿ. ನಮ್ಮ ಕಡೆಯಿಂದ ಆತನಿಗೆ ಕೇಳುವ ಪ್ರಶ್ನೆಗಳಿಗೂ ಸತ್ಯವೇದದಲ್ಲಿ ದೊಡ್ಡ ಸ್ಥಾನವಿದೆ. 13ನೆಯ ಕೀರ್ತನೆ ಬಾಯಿ ತೆರೆಯುವುದೇ ‘ಎಷ್ಟರವರೆಗೆ?’ ಎಂದು, ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಅದೇ ಕೇಳುತ್ತದೆ. ಹಬಕ್ಕೂಕನೂ ಹಾಗೇ ಶುರುಮಾಡುತ್ತಾನೆ. 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಹೀಗೆ ದುಃಖ ತೋಡಿಕೊಳ್ಳುವಂಥವೇ. ಅವುಗಳಲ್ಲಿ ಬಹುತೇಕ ಎಲ್ಲವೂ ಕೊನೆಗೆ ಸ್ತುತಿಯ ಕಡೆಗೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ.

ಅಮ್ಮ ತೀರಿಕೊಂಡ ಮೇಲಿನ ತಿಂಗಳುಗಳಲ್ಲಿ ನನ್ನ ಬಾಯಲ್ಲಿದ್ದದ್ದು ಆ ಕೀರ್ತನೆಯೇ. ಸಮಾಧಾನ ಹೇಳಲು ಬಂದವರು ರೋಮಾಪುರದವರಿಗೆ 8:28, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಆಗುತ್ತದೆ ಎಂಬ ವಚನ, ಹೇಳಿ ಹೋಗುತ್ತಿದ್ದರು. ಆ ವಚನ ಸತ್ಯ, ನಾನದನ್ನು ನಂಬುತ್ತೇನೆ. ಆದರೆ ಆ ಹೊತ್ತಿನಲ್ಲಿ ನನ್ನನ್ನು ದೇವರ ಮುಂದೆ ಕೂರಿಸಿದ್ದು 88ನೆಯ ಕೀರ್ತನೆ. ‘ಯೆಹೋವನೇ, ಯಾಕೆ ನನ್ನನ್ನು ತಳ್ಳಿಬಿಟ್ಟಿದ್ದೀ? ನಿನ್ನ ಮುಖವನ್ನು ಯಾಕೆ ಮರೆಮಾಡುತ್ತೀ?’ ಎಂದು ಕೇಳುವವನೂ ಅದನ್ನು ಯೆಹೋವನನ್ನೇ ಕೇಳುತ್ತಿದ್ದಾನೆ. ನನ್ನನ್ನು ರಕ್ಷಿಸುವ ದೇವರೇ ಎಂದು ಕರೆದೇ ಶುರುಮಾಡಿದ್ದಾನೆ. ಬೆಳಿಗ್ಗೆ ಎದ್ದು ಅದೇ ದೇವರ ಕಡೆಗೆ ತಿರುಗುತ್ತೇನೆ ಎನ್ನುತ್ತಾನೆ. ಸಾಂತ್ವನ ಸಿಗದೇ ಇರುವಾಗಲೂ ವಿಳಾಸ ಬದಲಿಸದ ಪ್ರಾರ್ಥನೆ ಅದು. ಇಂಥದ್ದನ್ನು ದೇವಜನರು ತಮ್ಮ ಪ್ರಾರ್ಥನೆಯ ಪುಸ್ತಕದಿಂದ ತೆಗೆದುಹಾಕದೆ ಉಳಿಸಿಕೊಂಡರು ಎಂಬುದನ್ನು ನೆನೆದರೆ ಇಂದಿಗೂ ನನ್ನ ಎದೆ ತುಂಬುತ್ತದೆ.

ಯೋಬನ ಪುಸ್ತಕದ ಕೊನೆಯಲ್ಲಿ ದೇವರು, ಸಂಕಟದಲ್ಲಿದ್ದ ಯೋಬನನ್ನು ಸಂತೈಸಲು ಬಂದ ಮೂವರು ಸ್ನೇಹಿತರ ಮೇಲೆ ಕೋಪಗೊಳ್ಳುತ್ತಾನೆ. ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯವಾಗಿ ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ (42:7). ದೇವರ ಪರವಾಗಿ ವಾದಿಸಿದವರು ಅವರು. ದೇವರೊಂದಿಗೇ ವಾದಿಸಿದವನು ಯೋಬ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಸಾಲನ್ನೇ, ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಮದರ್ ತೆರೇಸಾ ತಮ್ಮೊಳಗಿನ ದೀರ್ಘ ಕತ್ತಲೆಯ ಬಗ್ಗೆ ಬರೆದ ಪತ್ರಗಳು ಅವರು ತೀರಿಕೊಂಡ ಹತ್ತು ವರ್ಷದ ಮೇಲೆ, 2007ರಲ್ಲಿ ಪ್ರಕಟವಾದಾಗ ಕೆಲವರಿಗೆ ಆಘಾತವಾಯಿತು. ನನಗೆ ಆದದ್ದು ಧೈರ್ಯ. ಆ ಕತ್ತಲೆಯಲ್ಲೂ ಅವರು ಪ್ರಾರ್ಥನೆ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ಇಲ್ಲಿ ಒಂದು ಮಾತು. ದೇಹ ಸೋತಿರುವಾಗ ಆತ್ಮಪರೀಕ್ಷೆ ಮಾಡಿಕೊಳ್ಳಬಾರದು. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಅಡವಿಯ ಗಿಡದ ಕೆಳಗೆ ಬಿದ್ದು ಸಾವು ಬೇಡುತ್ತಾನೆ. ದೇವರು ಆಗ ಏನನ್ನೂ ಕೇಳುವುದಿಲ್ಲ. ಅವನು ನಿದ್ದೆ ಮಾಡುತ್ತಾನೆ, ದೂತ ಎಬ್ಬಿಸಿ ರೊಟ್ಟಿ ನೀರು ಕೊಡುತ್ತಾನೆ, ಅವನು ಮತ್ತೆ ಮಲಗುತ್ತಾನೆ, ಮತ್ತೆ ಎದ್ದು ಉಣ್ಣುತ್ತಾನೆ. ‘ಎಲೀಯನೇ, ಇಲ್ಲೇನು ಮಾಡುತ್ತೀ?’ ಎಂಬ ಪ್ರಶ್ನೆ ಬರುವುದು ಅದೆಲ್ಲ ಆಗಿ ಹೋರೇಬ್ ಬೆಟ್ಟಕ್ಕೆ ತಲುಪಿದ ಮೇಲೆ. ಎರಡು ಸಲ ಕೇಳಿದಾಗಲೂ ಎಲೀಯ ಒಂದೇ ಉತ್ತರವನ್ನು ಅಕ್ಷರ ಬಿಡದೆ ಒಪ್ಪಿಸುತ್ತಾನೆ, ನಾನೊಬ್ಬನೇ ಉಳಿದಿದ್ದೇನೆ ಎಂದು. ದೇವರು ಅದಕ್ಕೂ ಬೇಸರಿಸುವುದಿಲ್ಲ. ಮುಂದಿನ ಕೆಲಸ ಹೇಳುತ್ತಾನೆ, ಕೊನೆಗೆ ತನಗೆ ನಿಷ್ಠರಾಗಿ ಉಳಿದ 7000 ಮಂದಿ ಇದ್ದಾರೆ ಎಂದು ತಿಳಿಸುತ್ತಾನೆ. ನಾನು ಬಹಳ ದಣಿದ ದಿನ ನೋಟ್‌ಬುಕ್ ತೆರೆಯುವುದಿಲ್ಲ. ಒಂದು ಕೀರ್ತನೆ ಓದಿ ಮಲಗುತ್ತೇನೆ.

ತನ್ನನ್ನು ತಾನು ಕೆದಕುವುದೇ ಭಕ್ತಿ ಎಂದಾಗಿಬಿಡುವ ಅಪಾಯ ನಿಜವಾದದ್ದು. ಸೂಕ್ಷ್ಮ ಮನಸ್ಸಿನವರಿಗೆ ಇನ್ನೂ ಹೆಚ್ಚು. 139ನೆಯ ಕೀರ್ತನೆಯ ಕೊನೆಯಲ್ಲಿ ದಾವೀದ, ‘ದೇವರೇ, ನನ್ನನ್ನು ಪರೀಕ್ಷಿಸಿ ನನ್ನ ಹೃದಯವನ್ನು ತಿಳಿದುಕೋ’ ಎಂದು ಕೇಳುತ್ತಾನೆ. ಪರೀಕ್ಷಿಸುವವನು ದೇವರು. ನಾವು ಬಾಗಿಲು ತೆರೆದರೆ ಸಾಕು. ಅಷ್ಟಕ್ಕೂ ಆ ಮಾತು ಬರುವುದು ನೀನು ನನ್ನ ಕೂರುವುದು ಏಳುವುದನ್ನು ಬಲ್ಲೆ, ತಾಯಿಯ ಗರ್ಭದಲ್ಲೇ ನನ್ನನ್ನು ರೂಪಿಸಿದೆ ಎಂದೆಲ್ಲ ಹಾಡಿಯಾದ ಮೇಲೆ. ನಮ್ಮ ಹೃದಯ ನಮ್ಮನ್ನು ಖಂಡಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದು ಯೋಹಾನನ ಮೊದಲನೆಯ ಪತ್ರಿಕೆ 3:20ರಲ್ಲಿದೆ. ಆ ವಚನವನ್ನು ಪ್ರತಿ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಸಂಜೆಯ ಹೊತ್ತಿಗೆ ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲರು 16ನೆಯ ಶತಮಾನದಲ್ಲಿ ಕಲಿಸಿದ ದಿನದ ಅವಲೋಕನವನ್ನು ಇಟ್ಟುಕೊಂಡಿದ್ದೇನೆ. ನಾನು ಅವರ ಸಂಪ್ರದಾಯದವನಲ್ಲ, ಆದರೂ ಅದರಲ್ಲಿ ನನಗೆ ಹಿಡಿಸಿದ್ದು ಅದರ ಮೊದಲ ಹೆಜ್ಜೆ: ಪಾಪಗಳ ಕಡೆ ಹೋಗುವ ಮೊದಲು, ಪಡೆದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಬೇಕು. ಹಾಗೆ ಶುರುಮಾಡಿದ ಸಂಜೆಗಳಲ್ಲಿ ನನ್ನ ಪಾಪದ ಅರಿಕೆ ಚಿಕ್ಕದೂ ಸ್ಪಷ್ಟವೂ ಆಗಿರುತ್ತದೆ.

ಒಬ್ಬರ ಮುಂದಾದರೂ ಬಾಯಿಬಿಡುವುದು ಬಹಳ ಮುಖ್ಯ. ಯಾಕೋಬನ ಪತ್ರಿಕೆ 5:16 ಹೇಳುವುದೂ ಅದನ್ನೇ. ನಮ್ಮ ಸಭೆಯ ಹಿರಿಯರೊಬ್ಬರೊಂದಿಗೆ ಆಗಾಗ ಕೂರುತ್ತೇನೆ. ಪುಟಗಳನ್ನು ತೋರಿಸುವುದಿಲ್ಲ, ಹೇಳಬೇಕೆನಿಸಿದ್ದನ್ನು ಹೇಳುತ್ತೇನೆ. ತಮ್ಮನ ವಿಷಯದಲ್ಲಿ ನಾನು ಮತ್ತೆ ಮತ್ತೆ ನನ್ನನ್ನೇ ಹಳಿದುಕೊಳ್ಳತೊಡಗಿದಾಗ ಅವರು, ‘ಅದನ್ನು ಕರ್ತನಿಗೆ ಒಪ್ಪಿಸಿ ಆಯಿತಲ್ಲ, ಈಗ ಯಾಕೆ ಮತ್ತೆ ಕೈಗೆ ತೆಗೆದುಕೊಳ್ಳುತ್ತೀಯ?’ ಎಂದರು. ‘ಅಣ್ಣ, ಬಿಡೋಕೆ ಆಗ್ತಿಲ್ಲ’ ಎಂದೆ. ‘ಹಾಗಾದರೆ ಅದನ್ನೇ ಬರಿ’ ಎಂದರು. ಬರೆದೆ. ದುಃಖ ತಿಂಗಳುಗಳ ಮೇಲೆ ತಿಂಗಳು ಹೊತ್ತು ಊಟ ನಿದ್ದೆಗೂ ಬಿಡದೆ ಕಾಡುತ್ತಿದ್ದರೆ ವೈದ್ಯರ ಬಳಿಗೂ ಹೋಗಬೇಕು. ಅದು ನಂಬಿಕೆಗೆ ಕುಂದಲ್ಲ.

ಇಷ್ಟು ಕಾಲದ ಮೇಲೆ ನನ್ನ ಪ್ರಾರ್ಥನೆಯಲ್ಲಿ ಬದಲಾದದ್ದು ಏನೆಂದು ಕೇಳಿದರೆ ಯೇಸುವಿನ ಶಿಷ್ಯ ಪೇತ್ರನನ್ನು ತೋರಿಸುತ್ತೇನೆ. ಕಡೆಯ ಭೋಜನದ ರಾತ್ರಿ ಅವನು, ಎಲ್ಲರೂ ಬಿಟ್ಟರೂ ನಾನು ಬಿಡೆನು ಎಂದಿದ್ದ. ಯೋಹಾನ 21ರಲ್ಲಿ ಸಮುದ್ರದ ದಡದಲ್ಲಿ ಯೇಸು ಕೆಂಡದ ಬೆಂಕಿ ಹೊತ್ತಿಸಿಟ್ಟಿದ್ದಾನೆ. ಆ ಮಾತಾಡಿದ ರಾತ್ರಿಯೇ ಪೇತ್ರ ಆತನನ್ನು ಅರಿಯೆನೆಂದದ್ದೂ ಕೆಂಡದ ಬೆಂಕಿಯ ಮುಂದೆಯೇ (18:18). ‘ನನ್ನನ್ನು ಪ್ರೀತಿಸುತ್ತೀಯೋ?’ ಮೂರು ಸಲ. ಮೂರನೆಯ ಸಲಕ್ಕೆ ಪೇತ್ರನಿಗೆ ದುಃಖವಾಯಿತು ಎಂದು ಬರೆದಿದೆ. ಉತ್ತರದಲ್ಲಿ ಈಗ ಎಲ್ಲರಿಗಿಂತ ಹೆಚ್ಚು ಎಂಬ ಮಾತಿಲ್ಲ. ‘ಕರ್ತನೇ, ನಿನಗೆ ಎಲ್ಲಾ ತಿಳಿದದೆ, ನಾನು ನಿನ್ನನ್ನು ಪ್ರೀತಿಸುತ್ತೇನೆಂಬುದು ನಿನಗೇ ಗೊತ್ತು.’ ಯೇಸು ಅವನಿಗೆ ಕುರಿಗಳನ್ನು ಒಪ್ಪಿಸಿದ್ದು ಈ ಉತ್ತರದ ಮೇಲೆ. ನನ್ನ ಮಾತುಗಳೂ ಈಗ ಕಡಿಮೆಯಾಗಿವೆ. ನೀನು ಬಲ್ಲೆ ಎಂದು ಹೇಳಿ ನಿಲ್ಲುವ ಬೆಳಗುಗಳು ಹೆಚ್ಚು. ನಂಬಿಕೆ ಕುಂದಿದ ದಿನ, ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು’ ಎಂದು ಮಾರ್ಕ 9:24ರ ಆ ತಂದೆಯ ಹಾಗೆ ಕೇಳಲು ಈಗ ಸಂಕೋಚವಿಲ್ಲ. ಅವನ ಮಗನನ್ನು ಯೇಸು ಆ ಮಾತಿನ ಮೇಲೆಯೇ ವಾಸಿಮಾಡಿದ.

ಶುರುಮಾಡಬೇಕೆನ್ನುವವರಿಗೆ ಮಾರ್ಕನ ಸುವಾರ್ತೆಯೇ ಒಳ್ಳೆಯದು. 16 ಅಧ್ಯಾಯ, ಅದರ ತುಂಬ ಯೇಸುವಿನ ಪ್ರಶ್ನೆಗಳು. ಯೋಬನ 38ರಿಂದ 41ರವರೆಗಿನ ಪ್ರಶ್ನೆಗಳಿಂದ ಶುರುಮಾಡಬೇಡಿ. ನಾನು ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದಿ ಎಂಬಂಥವು ಉತ್ತರ ಬರೆಯುವ ಪ್ರಶ್ನೆಗಳಲ್ಲ. ಅವನ್ನು ನಾನು ಎದ್ದು ನಿಂತು ಗಟ್ಟಿಯಾಗಿ ಓದುತ್ತೇನೆ, ಅಷ್ಟೇ.

ನಾನೂ ಈಗ ಮತ್ತೆ ಮಾರ್ಕನಲ್ಲೇ ಇದ್ದೇನೆ, 4ನೆಯ ಅಧ್ಯಾಯದ ಬಿರುಗಾಳಿಯ ಬಳಿ. ಅಲ್ಲಿ ಮೂರು ಕಡೆಯಿಂದ ಪ್ರಶ್ನೆ ಬರುತ್ತದೆ. ನಾವು ಮುಳುಗಿಹೋಗುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ ಎಂದು ಶಿಷ್ಯರು ಯೇಸುವನ್ನು ಕೇಳುತ್ತಾರೆ. ಯಾಕೆ ಹೆದರುತ್ತೀರಿ, ಇನ್ನೂ ನಂಬಿಕೆಯಿಲ್ಲವೇ ಎಂದು ಯೇಸು ಅವರನ್ನು ಕೇಳುತ್ತಾನೆ. ಗಾಳಿಯೂ ಸಮುದ್ರವೂ ಮಾತು ಕೇಳುತ್ತವಲ್ಲಾ, ಈತನು ಯಾರಿರಬಹುದು ಎಂದು ಅವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಮೊದಲನೆಯದನ್ನು ಅಮ್ಮನ ದಿನಗಳಲ್ಲಿ ನಾನೂ ಆತನನ್ನು ಕೇಳಿದ್ದೇನೆ. ಮೂರನೆಯದಕ್ಕೆ ನನ್ನ ಉತ್ತರ ಬರೆದಿದ್ದೇನೆ, ಅದರ ಕೆಳಗೆ ‘ಇದು ನಿಜವಾ?’ ಎಂದು ಕೇಳಿಕೊಂಡಾಗ ಕೈ ತಡೆಯಲಿಲ್ಲ. ಎರಡನೆಯದರ ಕೆಳಗೆ ಇನ್ನೂ ಮೊದಲ ಉತ್ತರ ಮಾತ್ರ ಇದೆ. ಯಾವುದಕ್ಕೆ ಹೆದರುತ್ತೇನೆ ಎಂದು ಹೆಸರಿಟ್ಟು ಬರೆಯುವುದು ಬಾಕಿ, ಈ ವಾರ ಅದನ್ನು ಬರೆಯುತ್ತೇನೆ.